ಅವ್ವನ ಗದ್ದದ ಮೂರು ಚುಕ್ಕಿ

ಮೊದಲೇ ಹೇಳಿಬಿಡ್ತೀನಿ, ನಾನು ಫೋಟೋಗ್ರಾಫರ್ ಅಲ್ಲ. 1999ರಲ್ಲಿ ಗದಗಿನಿಂದ ಪುಣೆಗೆ ಬಂದು, ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ಕೊಂಡು, ವಾಕಡದಲ್ಲಿ ಸಾಲ ಮಾಡಿ ಒಂದು ಫ್ಲ್ಯಾಟ್ ತಗೊಂಡು, ಭಾನುವಾರಕ್ಕೊಮ್ಮೆ ಕ್ಯಾಮೆರಾ ಒರೆಸಿ ಇಡೋ ಜಾತಿ ನನ್ನದು. ಆದರೆ ಒಂದು ಫೋಟೋದ ಜೊತೆ ಹೋದ ಎರಡು ತಿಂಗಳು ಗುದ್ದಾಡಿದ ಮೇಲೆ ಒಂದು ಅಭಿಪ್ರಾಯ ಗಟ್ಟಿಯಾಗಿದೆ. ಊರಿನ ಹಿರಿಯರ ಹಳೇ ಫೋಟೋಗಳನ್ನು ಕಂಪ್ಯೂಟರಿನ ಯಾವುದೋ ಫೋಲ್ಡರಿನಲ್ಲಿ ಇಟ್ಟುಕೊಂಡಿರೋ ನಮ್ಮಂಥವರಿಗೆ ಇದು ಉಪಯೋಗಕ್ಕೆ ಬರಬಹುದು ಅನ್ನಿಸ್ತು, ಅದಕ್ಕೇ ಬರೀತಿದೀನಿ.

ಹೋದ ವರ್ಷ ಅವ್ವ ತೀರಿಕೊಂಡಳು. ವರ್ಷಾಂತಿಕದ ಹೊತ್ತಿಗೆ ಗೋಡೆಗೆ ಹಾಕಲು ಒಂದು ಒಳ್ಳೆ ಫೋಟೋ ಬೇಕು ಅಂತ ಹುಬ್ಬಳ್ಳಿಯಿಂದ ಅಕ್ಕ ಫೋನ್ ಮಾಡಿದಳು. ಹುಡುಕಿದರೆ ಅವ್ವನ ಫೋಟೋಗಳಿಗೇನೂ ಬರವಿಲ್ಲ. ಆದರೆ ಎಲ್ಲದರಲ್ಲೂ ಅವಳು ಮದುವೆ ಮನೆಯ ಫೋಟೋದ ಹಾಗೆ ನೆಟ್ಟಗೆ ನಿಂತು, ತುಟಿ ಬಿಗಿದು, ಕ್ಯಾಮೆರಾ ಅಂದರೆ ಪೊಲೀಸಪ್ಪ ಅನ್ನೋ ಹಾಗೆ ನೋಡ್ತಿದ್ದಾಳೆ. ನಗ್ತಾ ಇರೋದು ಒಂದೇ ಒಂದು.

ಅದು 2009ರ ದೀಪಾವಳಿಯದು. ನರಕ ಚತುರ್ದಶಿಯ ನಸುಕು. ನಮ್ಮ ಕಡೆ ಅವತ್ತು ಬೆಳಗಾಗೋ ಮುಂಚೆ ಎಣ್ಣೆ ಹಚ್ಚಿ ಎರೆದು ಆರತಿ ಮಾಡೋ ಪದ್ಧತಿ ನಿಮಗೆ ಗೊತ್ತೇ ಇದೆ. ಮಗನಿಗೆ ಆಗ ಮೂರು ವರ್ಷ. ಇಲ್ಲಿಯ ಉಟಣೆ ಪುಡಿ ಕಣ್ಣಿಗೆ ಬಿದ್ದು ಅತ್ತೂ ಅತ್ತೂ ಸಾಕಾಗಿ, ಅವ್ವನ ತೊಡೆ ಮೇಲೆ ಕೂತಿದ್ದ. ಹೆಂಡತಿ ಆರತಿ ತಟ್ಟೆ ಹಿಡಿದಾಗ, ಅವ ಆರತಿಯನ್ನೇ ಉಫ್ ಅಂತ ಊದಲು ಹೋದ. ಅವ್ವ ನಕ್ಕಳು. ನಾನು ಕ್ಲಿಕ್ ಮಾಡಿದೆ. "ದೀಪದ ಬೆಳಕಿನಲ್ಲೇ ಬರಲಿ" ಅಂತ ಟ್ಯೂಬ್‌ಲೈಟ್ ಆರಿಸಿದ್ದೂ ನಾನೇ! ಹತ್ತು ಮೆಗಾಪಿಕ್ಸೆಲ್ಲಿನ ಆ ಹಳೇ ಡಿಎಸ್‌ಎಲ್‌ಆರ್‌ನಲ್ಲಿ ಐಎಸ್‌ಓ 1600ಕ್ಕೆ ಏರಿಸಿ, ಲೆನ್ಸನ್ನು ಪೂರ್ತಿ ತೆರೆದು, ಸೆಕೆಂಡಿನ ಮೂವತ್ತನೇ ಒಂದು ಭಾಗ ಶಟರ್ ಇಟ್ಟರೂ ಫೋಟೋ ಕಪ್ಪಾಗೇ ಬಂದಿತ್ತು. ಬೆಳಕು ಹೆಚ್ಚಿಸಿ ನೋಡಿದರೆ ಮುಖದ ಮೇಲೆಲ್ಲ ರವೆ ಚೆಲ್ಲಿದ ಹಾಗೆ ಕಾಳು ಕಾಳು. ಹಿಂದಿನ ಗೋಡೆಯ ಮೇಲೆ ನೀಲಿ, ಕೆಂಪು ಮಚ್ಚೆಗಳು.

ಹತ್ತಿರದ ಒಂದು ಸ್ಟುಡಿಯೋಗೆ ಪೆನ್‌ಡ್ರೈವ್ ತಗೊಂಡು ಹೋದೆ. ಅಲ್ಲಿನ ಹುಡುಗ ನೋಡಿದವನೇ "ಕಾಕಾ, ಏಕದಮ್ ಕ್ಲೀನ್ ಕರೂನ್ ದೇತೋ" ಅಂದ. ಎರಡು ನಿಮಿಷ. ಎರಡೇ ನಿಮಿಷ! ಗೋಡೆ ಈಗಷ್ಟೇ ಡಿಸ್ಟೆಂಪರ್ ಹೊಡೆದ ಹಾಗೆ ನುಣ್ಣಗಾಯ್ತು. ಅವ್ವನ ಮುಖವೂ ಹಾಗೇ ಆಯ್ತು. ಖರೇ ಹೇಳಬೇಕಂದ್ರೆ ನನಗೂ ಆ ಹೊತ್ತಿಗೆ ಚೆನ್ನಾಗೇ ಕಂಡಿತು. ಫ್ರೇಮ್ ಹಾಕಿಸಿ, ಗದಗಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿದೆ.

ಮರುದಿನ ಚಿಗವ್ವ ಫೋನ್ ಮಾಡಿದಳು. ಅವ್ವನಿಗಿಂತ ನಾಲ್ಕು ವರ್ಷ ಚಿಕ್ಕವಳು. ಉಭಯಕುಶಲೋಪರಿ ಏನೂ ಇಲ್ಲ, ಸೀದಾ ಕೇಳಿದಳು. "ತಮ್ಮಾ, ಇದ್ಯಾರ ಫೋಟೋ ಕಳಿಸೀಯೋ? ನಮ್ಮಕ್ಕನ ಹಂಗ ಕಾಣ್ತಾಳ, ಆದ್ರ ನಮ್ಮಕ್ಕ ಅಲ್ಲ. ಗದ್ದದ ಮ್ಯಾಲಿನ ಹಚ್ಚಿ ಎಲ್ಲಿ ಹೋತು?"

ಫೋಟೋ ತೆಗೆದು ನೋಡಿದೆ. ಹೌದು. ಅವ್ವನ ಗದ್ದದ ಮೇಲೆ ಹಸಿರು ಹಚ್ಚೆಯ ಮೂರು ಚುಕ್ಕಿಗಳಿದ್ದವು. ಚಿಕ್ಕಂದಿನಿಂದ ನೋಡಿ ನೋಡಿ ನನಗೆ ಅವು ಕಾಣಿಸೋದೇ ನಿಂತುಹೋಗಿತ್ತು. ಚಿಗವ್ವನಿಗೆ ಹಾಗಲ್ಲ. ಹಚ್ಚಿ ಹಾಕುವ ಹೆಣ್ಣುಮಗಳು ಊರಿಗೆ ಬಂದಾಗ ಅಕ್ಕತಂಗೇರಿಬ್ಬರನ್ನೂ ಕೂಡಿಸಿದ್ದರಂತೆ. "ನಾ ಒಂದ ಚುಕ್ಕಿಗೇ ಅತ್ಕೋತ ಹಿತ್ತಲಕ್ಕ ಓಡಿದೆ. ನಿಮ್ಮವ್ವ ಪಿಟ್ಟ ಅನ್ನಲಿಲ್ಲ, ಮೂರೂ ಹಾಕಿಸ್ಕೊಂಡ್ಲು" ಅಂತ ಅವಳು ಎಷ್ಟು ಸಲ ಹೇಳಿಲ್ಲ! ಚಿಗವ್ವನ ಗದ್ದದ ಮೇಲೆ ಇವತ್ತಿಗೂ ಒಂದೇ ಚುಕ್ಕಿ. ಆ ಮೂರು ಇಲ್ಲದಿದ್ದರೆ ಅವಳ ಪಾಲಿಗೆ ಅದು ಅಕ್ಕನ ಫೋಟೋ ಅಲ್ಲ.

ಇಷ್ಟಕ್ಕೂ ಸ್ಟುಡಿಯೋ ಹುಡುಗ ಬೇಕಂತ ಅಳಿಸಿದ್ದಲ್ಲ. ಅವನು ಒಂದು ಬಟನ್ ಒತ್ತಿದ. ಬಟನ್ನಿಗೆ ಹಚ್ಚೆ ಯಾವುದು, ಕಸ ಯಾವುದು ಅಂತ ಗೊತ್ತಿಲ್ಲ. ಯಾಕೆ ಗೊತ್ತಾಗಲ್ಲ ಅನ್ನೋದೇ ಇಲ್ಲಿಯ ವಿಷಯ. ಸ್ವಲ್ಪ ತಾಳ್ಮೆಯಿಂದ ಓದಿ.

ಫೋಟೋದ ಕಾಳು ಕಾಳಿಗೆ ಇಂಗ್ಲಿಷಿನವರು ನಾಯ್ಸ್ ಅಂತಾರೆ, ಅಂದರೆ ಗದ್ದಲ. ಹೆಸರು ಸರಿಯಾಗೇ ಇದೆ. ವಾಕಡದಲ್ಲಿ ಇರೋರಿಗೆ ಗದ್ದಲ ಅಂದರೆ ಏನು ಅಂತ ಹೇಳಿಕೊಡಬೇಕಿಲ್ಲ. ಭೂಮಕರ್ ಚೌಕದ ಹಾರ್ನು, ಹೈವೇ ಲಾರಿಗಳು, ಎದುರಿನ ಸೊಸೈಟಿಯ ಡ್ರಿಲ್ಲಿಂಗು. ಊರಿಂದ ಫೋನ್ ಬಂದರೆ ಹೈವೇ ಕಡೆಯ ಕಿಟಕಿ ಮುಚ್ಚಿ ಮಾತಾಡ್ತೀವಿ. ಆದರೆ ಒಳಗಿನ ಕುಕ್ಕರ್ ಸೀಟಿ ಕೇಳಿಸುತ್ತಿರಬೇಕು, ಮಗು ಎದ್ದರೆ ಗೊತ್ತಾಗಬೇಕು. ಯಾರೂ ಕಿವಿಯಲ್ಲಿ ಅರಳೆ ತುರುಕಿಕೊಂಡು ಫೋನಿನಲ್ಲಿ ಮಾತಾಡಲ್ಲ. ಯಾವ ಕಿಟಕಿ ಮುಚ್ಚಬೇಕು, ಯಾವುದು ಬೇಡ ಅನ್ನೋದು ಮನೆಯವರಿಗೆ ಗೊತ್ತು. ಫೋಟೋದಲ್ಲೂ ಅಷ್ಟೇ.

ಈ ಗದ್ದಲ ಎಲ್ಲಿಂದ ಬರುತ್ತೆ? ಕ್ಯಾಮೆರಾ ಕೆಟ್ಟದ್ದು ಅನ್ನೋದು ಅರ್ಧ ಸತ್ಯ. ಅಂಗಳದಲ್ಲಿ ಒಂದೇ ಅಳತೆಯ ನೂರು ಬಟ್ಟಲು ಸಾಲಾಗಿ ಇಡಿ. ತುಂತುರು ಮಳೆ ಬಂದಾಗ ಹತ್ತು ಸೆಕೆಂಡು ಬಿಟ್ಟು ಹನಿ ಎಣಿಸಿ. ಒಂದರಲ್ಲಿ ಎಂಟು, ಪಕ್ಕದ್ದರಲ್ಲಿ ಹದಿಮೂರು. ಮಳೆ ಒಂದೇ, ಬಟ್ಟಲೂ ಒಂದೇ, ಆದರೂ ಎಣಿಕೆ ಬೇರೆ. ಅದೇ ಅರ್ಧ ಗಂಟೆ ಜೋರು ಮಳೆಯಾದರೆ ಎಲ್ಲ ಬಟ್ಟಲೂ ಸಮನಾಗಿ ತುಂಬಿದಂತೆ ಕಾಣುತ್ತವೆ. ಸೆನ್ಸರಿನ ಪಿಕ್ಸೆಲ್ಲುಗಳು ಆ ಬಟ್ಟಲುಗಳು, ಬೆಳಕಿನ ಕಣಗಳು ಹನಿಗಳು. ಲೆಕ್ಕವೂ ಸುಲಭ. ಸರಾಸರಿ 100 ಕಣ ಬೀಳೋ ಕಡೆ ಏರುಪೇರು ಸುಮಾರು 10, ಅಂದರೆ ನೂರಕ್ಕೆ ಹತ್ತು. 10,000 ಬೀಳೋ ಕಡೆ ಏರುಪೇರು 100, ಅಂದರೆ ನೂರಕ್ಕೆ ಒಂದೇ ಒಂದು. ಅದಕ್ಕೇ ಒಂದೇ ಫೋಟೋದಲ್ಲಿ ಬೆಳಕಿರೋ ಕೆನ್ನೆ ಹಸನಾಗಿರುತ್ತೆ, ನೆರಳಿನ ಕೆನ್ನೆ ಮೇಲೆ ರವೆ ಕಾಣುತ್ತೆ. ಐಎಸ್‌ಓ ಏರಿಸಿದರೆ ಹೊಸ ಬೆಳಕೇನೂ ಬರಲ್ಲ. ಸಿಕ್ಕ ನಾಲ್ಕು ಹನಿಯನ್ನೇ ಮೈಕಿನಲ್ಲಿ ಕೂಗಿ ಹೇಳಿದ ಹಾಗೆ, ಏರುಪೇರೂ ಜೊತೆಗೇ ಕೂಗುತ್ತೆ. ಇದರ ಮೇಲೆ ಸೆನ್ಸರಿನ ಎಲೆಕ್ಟ್ರಾನಿಕ್ಸ್ ತನ್ನದೂ ಒಂದಿಷ್ಟು ಸೇರಿಸುತ್ತೆ, ನೆರಳಿನ ಭಾಗದಲ್ಲಿ ಅದು ಎದ್ದು ಕಾಣುತ್ತೆ.

ದೀಪದ ಬೆಳಕಿನಲ್ಲಿ ಇನ್ನೊಂದು ಗೋಳಿದೆ. ಆ ಬೆಳಕಿನಲ್ಲಿ ಕೆಂಪು, ಹಳದಿ ಬೇಕಾದಷ್ಟು, ನೀಲಿ ಬಹಳ ಕಡಿಮೆ. ಸೆನ್ಸರಿನಲ್ಲಂತೂ ಅರ್ಧ ಪಿಕ್ಸೆಲ್ಲುಗಳು ಹಸಿರಿಗೆ, ಕಾಲುಭಾಗ ಕೆಂಪಿಗೆ, ಕಾಲುಭಾಗ ಮಾತ್ರ ನೀಲಿಗೆ. ಆಮೇಲೆ ನಾವು "ಹಳದಿ ಜಾಸ್ತಿಯಾಯ್ತು" ಅಂತ ಬಣ್ಣ ಸರಿಮಾಡಲು ಹೋದಾಗ ಸಾಫ್ಟ್‌ವೇರ್ ಆ ಬಡಪಾಯಿ ನೀಲಿಯನ್ನೇ ಎರಡು ಮೂರು ಪಟ್ಟು ಹಿಗ್ಗಿಸುತ್ತೆ. ಗೋಡೆ ಮೇಲೆ ನೀಲಿ ಮಚ್ಚೆ ಬಿದ್ದದ್ದು ಹೀಗೆ.

ಇದನ್ನು ಕಡಿಮೆ ಮಾಡೋ ಸಾಫ್ಟ್‌ವೇರುಗಳು ಹತ್ತಾರಿವೆ. ಒಂದೊಂದರದ್ದು ಒಂದೊಂದು ಜಾಣತನ. ಆದರೆ ಹಳೇ ಫಿಲ್ಟರುಗಳ ಹೊಟ್ಟೆಯೊಳಗಿನ ಮಾತು ಒಂದೇ: ಅಕ್ಕಪಕ್ಕದವರಿಗಿಂತ ಬೇರೆಯಾಗಿ ಕಾಣುವ ಚುಕ್ಕಿ ಸಿಕ್ಕರೆ ಅದನ್ನು ಅಕ್ಕಪಕ್ಕದವರ ಹಾಗೆ ಮಾಡು. ಗೋಡೆ ಮೇಲೆ ಈ ನಿಯಮ ಪರಮ ಸತ್ಯ. ಅವ್ವನ ಗದ್ದದ ಮೇಲೆ ಪರಮ ಸುಳ್ಳು. ಇಪ್ಪತ್ತೈದು ವರ್ಷ ಪುಣೆಯಲ್ಲಿ ಕಳೆದ ಕನ್ನಡದವರಿಗೆ ಈ ಫಿಲ್ಟರು ಬಹಳ ಬೇಗ ಅರ್ಥವಾಗುತ್ತೆ ಬಿಡಿ. ನನ್ನ ಮಗ ಸೊಸೈಟಿ ಹುಡುಗರ ಜೊತೆ ಮಾತಾಡೋದು ಕೇಳಿದರೆ ಅವನು ಗದಗಿನವನು ಅಂತ ಯಾವ ದೇವರೂ ಹೇಳಲಾರ…

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ಮನೆಯವರ ಫೋಟೋದಲ್ಲಿ ಗದ್ದಲವನ್ನು ಇಡೀ ಫೋಟೋಕ್ಕೆ ಒಂದೇ ಕೈಯಲ್ಲಿ ಒರೆಸಬಾರದು. ಜಾಗ ಆರಿಸಿ ಒರೆಸಬೇಕು. ಯಾವ ಜಾಗ ಅಂತ ಆರಿಸೋ ಕೆಲಸವನ್ನು ಸ್ಟುಡಿಯೋಗಾಗಲೀ ಮಶೀನಿಗಾಗಲೀ ಬಿಡಬಾರದು, ಆ ಮುಖ ಗೊತ್ತಿದ್ದವರು ಮಾಡಬೇಕು. ಗೊತ್ತಿದ್ದವರು ಬದುಕಿರುವಾಗಲೇ ಮಾಡಬೇಕು.

ನಾನು ಹೇಗೆ ಮಾಡಿದೆ ಅಂತ ಹೇಳ್ತೀನಿ. ನನ್ನ ಪುಣ್ಯ, ಅವತ್ತಿನ ರಾ ಫೈಲುಗಳು ಒಂದು ಹಳೇ ಹಾರ್ಡ್‌ಡಿಸ್ಕಿನಲ್ಲಿ ಉಳಿದಿದ್ದವು. ಸ್ಟುಡಿಯೋಗೆ ಕೊಟ್ಟಿದ್ದು ಜೆಪೆಗ್. ಜೆಪೆಗ್ ಮಾಡುವಾಗ ಕ್ಯಾಮೆರಾನೇ ಒಂದು ಸುತ್ತು ಒರೆಸಿ, ಬಣ್ಣದ ವಿವರವನ್ನೂ ಕಡಿಮೆ ಮಾಡಿ ಒತ್ತಿಡುತ್ತೆ. ಹಾಗಾಗಿ ಮೊದಲ ಕೆಲಸ ಮೂಲ ಫೈಲು ಹುಡುಕೋದು.

ಎರಡನೇದು ಪರೀಕ್ಷೆ. ಗದ್ದದ ಮೇಲೆ ಕಾಣೋ ಹಸಿರು ಮಸಕು ಹಚ್ಚೆಯೋ ಅಥವಾ ಬರೀ ಬಣ್ಣದ ಗದ್ದಲವೋ? ನನ್ನ ನೆನಪನ್ನು ನಂಬಿ ಚುಕ್ಕಿ ಬರೆಯೋದಕ್ಕೆ ಮನಸ್ಸು ಒಪ್ಪಲಿಲ್ಲ. ಆ ನಸುಕಿನಲ್ಲಿ ನಾನು ಬೆನ್ನಬೆನ್ನಿಗೆ ಮೂರು ಫೋಟೋ ತೆಗೆದಿದ್ದೆ. ಗದ್ದಲ ಅನ್ನೋದು ಪ್ರತಿ ಕ್ಲಿಕ್ಕಿಗೂ ಜಾಗ ಬದಲಿಸುತ್ತೆ, ನಿಜವಾದದ್ದು ಇದ್ದಲ್ಲೇ ಇರುತ್ತೆ. ಮೂರನ್ನೂ ಪಕ್ಕಪಕ್ಕ ಇಟ್ಟು ಗದ್ದವನ್ನು ದೊಡ್ಡದು ಮಾಡಿ ನೋಡಿದೆ. ಗೋಡೆಯ ನೀಲಿ ಮಚ್ಚೆ ಮೂರರಲ್ಲೂ ಬೇರೆ ಬೇರೆ ಕಡೆ. ಗದ್ದದ ಹಸಿರು ಮೂರರಲ್ಲೂ ಅದೇ ಜಾಗದಲ್ಲಿ, ಅದೇ ಸಾಲಿನಲ್ಲಿ. ಆ ಕ್ಷಣ ಕಣ್ಣು ತುಂಬಿತು ಅಂತ ಬರೆದರೆ ಸಿನಿಮಾ ಆಗುತ್ತೆ. ಆದರೆ ಒಂದು ಲೋಟ ಚಹಾ ತಣ್ಣಗಾಗೋವರೆಗೂ ಸುಮ್ಮನೆ ನೋಡ್ತಾ ಕೂತಿದ್ದೆ ಅನ್ನೋದು ಖರೆ.

ಇನ್ನು ಒರೆಸೋ ಕೆಲಸ. ಇದಕ್ಕೆ ದುಡ್ಡು ಕೊಟ್ಟು ತಗೊಳ್ಳೋ ಲೈಟ್‌ರೂಮ್ ಇದೆ. 2012ರ ನಾಲ್ಕನೇ ಆವೃತ್ತಿಯಿಂದ ಅದರಲ್ಲಿ ಬ್ರಷ್ ಹಿಡಿದು ಬೇಕಾದ ಕಡೆ ಮಾತ್ರ ಗದ್ದಲ ಇಳಿಸೋ ಸೌಕರ್ಯ ಬಂತು. ಪುಕ್ಕಟೆ ಸಿಗೋ ಡಾರ್ಕ್‌ಟೇಬಲ್‌ನಲ್ಲೂ ಮಾಸ್ಕ್ ಹಾಕಿ ಮಾಡಬಹುದು. ನಾನು ಬಳಸಿದ್ದು ಡಾರ್ಕ್‌ಟೇಬಲ್ ಮತ್ತು ಗಿಂಪ್, ಎರಡೂ ಪುಕ್ಕಟೆ. ಉಪಾಯ ಎಲ್ಲ ಕಡೆ ಒಂದೇ. ಒಂದೇ ಫೋಟೋದ ಎರಡು ಪದರ ಮಾಡಿಕೊಳ್ಳಿ. ಕೆಳಗಿನದು ಇದ್ದ ಹಾಗೇ ಇರಲಿ. ಮೇಲಿನದನ್ನು ಸ್ಟುಡಿಯೋ ಹುಡುಗನ ಹಾಗೆ ಧಾರಾಳವಾಗಿ ಒರೆಸಿ. ಮೇಲಿನ ಪದರಕ್ಕೆ ಕಪ್ಪು ಮಾಸ್ಕ್ ಹಾಕಿದರೆ ಅದು ಪೂರ್ತಿ ಮರೆಯಾಗುತ್ತೆ. ಆಮೇಲೆ ಮೆತ್ತನೆ ಅಂಚಿನ ಬಿಳಿ ಬ್ರಷ್ಷಿನಿಂದ ಎಲ್ಲಿ ಬಳಿಯುತ್ತೀರೋ ಅಲ್ಲಿ ಮಾತ್ರ ಒರೆಸಿದ್ದು ಕಾಣುತ್ತೆ. ಬೂದು ಬಣ್ಣ ಬಳಿದರೆ ಅರ್ಧಂಬರ್ಧ. ತಪ್ಪಿದರೆ ಕಪ್ಪು ಬಳಿದು ಹಿಂದಕ್ಕೆ.

ಗೋಡೆಗೆ ಪೂರ್ತಿ ಬಿಳಿ. ಅಲ್ಲಿ ಕಳಕೊಳ್ಳೋದಕ್ಕೆ ಏನೂ ಇಲ್ಲ. ಅವ್ವನ ಹಿಂದಿನ ಕತ್ತಲ ಮೂಲೆಗೂ ಪೂರ್ತಿ.

ಸೀರೆ ಹತ್ತಿರ ಬಂದಾಗ ಕೈ ತಡೆಯಿತು. ಉಟ್ಟಿದ್ದು ಇಳಕಲ್ ಸೀರೆ, ಸಣ್ಣ ಚೌಕಳಿ, ಕೆಂಪು ಅಂಚು. ಸಣ್ಣ ಚೌಕಳಿ ನೇಯ್ಗೆಗೂ ಗದ್ದಲಕ್ಕೂ ಸಾಫ್ಟ್‌ವೇರಿನ ಕಣ್ಣಿಗೆ ಅಂಥ ವ್ಯತ್ಯಾಸ ಇಲ್ಲ. ಎರಡೂ ಪಿಕ್ಸೆಲ್ ಪಿಕ್ಸೆಲ್ಲಿಗೆ ಬದಲಾಗುತ್ತವೆ. ಸ್ಟುಡಿಯೋ ಪ್ರಿಂಟಿನಲ್ಲಿ ಅವ್ವ ಸಿಂಥೆಟಿಕ್ ಸೀರೆ ಉಟ್ಟ ಹಾಗೆ ಕಂಡಿದ್ದು ಇದಕ್ಕೇ. ಕೈಮಗ್ಗದ ಮುಂದೆ ಕೂತು ನೇಯ್ದವರ ಅಷ್ಟು ದಿನದ ಕೆಲಸವನ್ನು ಎರಡು ನಿಮಿಷದಲ್ಲಿ ಇಸ್ತ್ರಿ ಮಾಡಿ ಬಿಸಾಕಿತ್ತು ಆ ಬಟನ್ನು. ಅಂಚು, ಸೆರಗು ಮುಟ್ಟಲಿಲ್ಲ. ನೆರಳಿನ ನೆರಿಗೆಗಳಿಗೆ ಮಾತ್ರ ತೆಳ್ಳಗೆ ಬೂದು ಬಳಿದೆ.

ಮುಖ. ನೆರಳಿನ ಕೆನ್ನೆಗೆ ನೂರಕ್ಕೆ ಮೂವತ್ತರಷ್ಟು. ಹಣೆಗೆ ಅದಕ್ಕೂ ಕಡಿಮೆ. ಕಣ್ಣು, ಹುಬ್ಬು, ಮೂಗುಬಟ್ಟಿನ ಹೊಳಪು, ನಕ್ಕಾಗ ಬೀಳೋ ಗೆರೆಗಳು, ಬೈತಲೆ ಹತ್ತಿರದ ಬಿಳಿಕೂದಲು, ಇವಕ್ಕೆ ಸೊನ್ನೆ. ಆ ಗೆರೆಗಳಿಗೆಲ್ಲ ಅವಳು ಬೆಲೆ ಕೊಟ್ಟಿದ್ದಾಳೆ, ನಾವು ಯಾರು ಅಳಿಸೋಕೆ?

ಗದ್ದದಲ್ಲಿ ಮಾತ್ರ ನಾನು ಓದಿಕೊಂಡಿದ್ದ ಒಂದು ನಿಯಮವೇ ಕೈಕೊಟ್ಟಿತು. ಗದ್ದಲದಲ್ಲಿ ಎರಡು ಜಾತಿ. ಬೆಳಕಿನ ಏರುಪೇರು ಒಂದು, ಅದು ರವೆಯ ಹಾಗೆ. ಬಣ್ಣದ ಏರುಪೇರು ಇನ್ನೊಂದು, ಅದು ಮಚ್ಚೆಯ ಹಾಗೆ. ನಮ್ಮ ಕಣ್ಣು ಬೆಳಕಿನ ಸಣ್ಣ ವಿವರವನ್ನು ಹಿಡಿದಷ್ಟು ಬಣ್ಣದ ಸಣ್ಣ ವಿವರವನ್ನು ಹಿಡಿಯಲ್ಲ. ಅದಕ್ಕೇ ಬಲ್ಲವರು ಹೇಳೋದು, ಬಣ್ಣದ ಗದ್ದಲವನ್ನು ಇಡೀ ಫೋಟೋದಲ್ಲಿ ನಿಶ್ಚಿಂತೆಯಿಂದ ಒರೆಸಿ, ಏನೂ ಹಾಳಾಗಲ್ಲ ಅಂತ. ನಾನೂ ಮೊದಲು ಹಾಗೇ ಮಾಡಿದೆ. ಚುಕ್ಕಿ ಮಾಯ! ಯಾಕೆ ಅಂತ ಯೋಚಿಸಿದಾಗ ಹೊಳೆಯಿತು. ಹಳೆಯ ಹಚ್ಚೆ ಚರ್ಮಕ್ಕಿಂತ ಅಂಥ ಕಪ್ಪೇನೂ ಇರಲ್ಲ. ಬೆಳಕಿನಲ್ಲಿ ಹೆಚ್ಚುಕಡಿಮೆ ಸಮ, ಬೇರೆಯಾಗಿರೋದು ಬಣ್ಣ ಮಾತ್ರ. ಮುಖ ಸುಮಾರು 600 ಪಿಕ್ಸೆಲ್ ಅಗಲ, ಒಂದೊಂದು ಚುಕ್ಕಿ ಏಳೆಂಟು ಪಿಕ್ಸೆಲ್. ಬಣ್ಣದ ಮಚ್ಚೆಗಳೂ ಹೆಚ್ಚುಕಡಿಮೆ ಅಷ್ಟೇ ದೊಡ್ಡವು. ಒರೆಸೋ ಬಟ್ಟೆ ಚುಕ್ಕಿಗಿಂತ ಅಗಲ ಇತ್ತು, ಬಳಿದುಕೊಂಡು ಹೋಯ್ತು. ಹಾಗಾಗಿ ಗದ್ದದಷ್ಟು ಜಾಗಕ್ಕೆ ಮಾಸ್ಕ್ ಹಾಕಿ ಬಣ್ಣವನ್ನೂ ಮುಟ್ಟದೆ ಬಿಟ್ಟೆ. ಅಲ್ಲಿ ಒಂದೆರಡು ಕೆಂಪು ಮಚ್ಚೆ ಉಳಿದವು. ಇರಲಿ. ಮೂರು ಚುಕ್ಕಿ ಉಳಿದವಲ್ಲ.

ಇನ್ನೆರಡು ಮಾತು ಕೈಕೆಲಸದ್ದು. ಒರೆಸಿದ ಜಾಗಕ್ಕೂ ಒರೆಸದ ಜಾಗಕ್ಕೂ ನಡುವೆ ಗೆರೆ ಕಾಣಬಾರದು. ಕಂಡರೆ ಕ್ಯಾಲೆಂಡರಿನಿಂದ ಕತ್ತರಿಸಿ ಅಂಟಿಸಿದ ಹಾಗಿರುತ್ತೆ. ಬ್ರಷ್ಷಿನ ಅಂಚು ಮೆತ್ತಗಿರಲಿ, ಮತ್ತು ಒರೆಸಿದ ಗೋಡೆ ಮೇಲೆ ಕಡೆಗೆ ಒಂದು ಚಿಟಿಕೆ ಸಮನಾದ ರವೆ ನೀವೇ ಉದುರಿಸಿ. ತಮಾಷೆ ಅಲ್ಲ, ಹೌದು, ತೆಗೆದ ಮೇಲೆ ಮತ್ತೆ ಹಾಕೋದು. ಆಗ ಎರಡೂ ಒಂದೇ ಫೋಟೋದವು ಅನ್ನಿಸುತ್ತೆ. ಶಾರ್ಪನ್ ಮಾಡೋದಿದ್ದರೆ ಕಣ್ಣು, ಅಂಚಿಗೆ ಮಾತ್ರ. ಗೋಡೆಗೆ ಶಾರ್ಪನ್ ಮಾಡಿದರೆ ಓಡಿಸಿದ ಗದ್ದಲವನ್ನು ವಾಪಸ್ ಕರೆದ ಹಾಗೆ.

ಎರಡನೇದು, ಮಾನಿಟರಿನಲ್ಲಿ ನೂರು ಪರ್ಸೆಂಟ್ ದೊಡ್ಡದು ಮಾಡಿ ನೋಡಿ ಹೆದರಬೇಡಿ. ಅವ್ವನಷ್ಟು ಭಾಗ ಕತ್ತರಿಸಿದ ಮೇಲೆ ಉಳಿದದ್ದು 1600 × 2400 ಪಿಕ್ಸೆಲ್. 8 × 12 ಇಂಚಿನ ಪ್ರಿಂಟಿಗೆ ಇಂಚಿಗೆ 200. ಗೋಡೆ ಮೇಲಿನ ಫೋಟೋವನ್ನು ನಾವು ನೋಡೋದು ಆರಡಿ ದೂರದಿಂದ. ಆ ದೂರದಲ್ಲಿ ಆರೋಗ್ಯವಂತ ಕಣ್ಣು ಬೇರೆ ಬೇರೆಯಾಗಿ ಗುರುತಿಸೋ ಅಂತರ ಸುಮಾರು ಅರ್ಧ ಮಿಲಿಮೀಟರ್, ಅಂದರೆ ನಾಲ್ಕು ಪಿಕ್ಸೆಲ್. ಉದ್ದಕ್ಕೆ ನಾಲ್ಕು, ಅಡ್ಡಕ್ಕೆ ನಾಲ್ಕು, ಹದಿನಾರು ಪಿಕ್ಸೆಲ್ಲುಗಳನ್ನು ಕಣ್ಣೇ ಸರಾಸರಿ ಮಾಡಿಬಿಡುತ್ತೆ, ರವೆ ಕಾಲುಭಾಗಕ್ಕೆ ಇಳಿಯುತ್ತೆ. ಹಚ್ಚೆಯ ಚುಕ್ಕಿ ಮಾತ್ರ ಪ್ರಿಂಟಿನಲ್ಲಿ ಒಂದು ಮಿಲಿಮೀಟರ್, ಹಾಗೇ ಕಾಣುತ್ತೆ. ನಾವು ಮಾನಿಟರಿಗೆ ಮೂಗು ತಾಗಿಸಿ ಒರೆಸೋ ಕಸದಲ್ಲಿ ಮುಕ್ಕಾಲು ಪಾಲನ್ನು ದೂರವೇ ಒರೆಸಿಕೊಡುತ್ತೆ.

"ಅಯ್ಯೋ ಇಷ್ಟೆಲ್ಲ ಯಾಕೆ, ಈಗಿನ ಫೋನು, ಎಐ ತಾನೇ ಮಾಡುತ್ತೆ" ಅಂತ ನನ್ನ ಮಗ ನಕ್ಕ. ಅವನ ಮಾತಲ್ಲೂ ಅರ್ಧ ಹುರುಳಿದೆ. ಈಗಿನ ಫೋನುಗಳು ರಾತ್ರಿ ಒಂದರ ಹಿಂದೊಂದು ಹಲವು ಫೋಟೋ ತೆಗೆದು ಜೋಡಿಸಿ ಸರಾಸರಿ ಮಾಡುತ್ತವೆ. ನಾಲ್ಕು ಸೇರಿಸಿದರೆ ಗದ್ದಲ ಅರ್ಧ, ಹದಿನಾರು ಸೇರಿಸಿದರೆ ಕಾಲು. ಇದು ಪ್ರಾಮಾಣಿಕ ಕೆಲಸ, ನಿಜವಾಗಿ ಬಿದ್ದ ಬೆಳಕನ್ನೇ ಹೆಚ್ಚು ಎಣಿಸಿದ್ದು. ಆದರೆ ಅದರ ಮೇಲೆ ಮುಖ ನುಣುಪು ಮಾಡೋದಿದೆಯಲ್ಲ, ಅದು ಬೇರೆ. ಲೈಟ್‌ರೂಮಿನಲ್ಲಿ 2023ರಲ್ಲಿ ಬಂದ ಎಐ ಡಿನಾಯ್ಸ್ ನಾನೂ ಒಬ್ಬ ಗೆಳೆಯನ ಕಂಪ್ಯೂಟರಿನಲ್ಲಿ ನೋಡಿದ್ದೇನೆ. ಹಕ್ಕಿಯ ಗರಿ, ಮರದ ಎಲೆಗೆ ಬೆರಗಾಗೋ ಹಾಗೆ ಮಾಡುತ್ತೆ. ಆದರೆ ಇಂಥ ಮಶೀನುಗಳು ಸಾವಿರಾರು ಫೋಟೋ ನೋಡಿ ಕಲಿತು, ಇಲ್ಲಿ ಏನಿರಬಹುದು ಅಂತ ಊಹಿಸುತ್ತವೆ. ಊಹೆ ಸಾಮಾನ್ಯವಾಗಿ ಸರಿ ಇರುತ್ತೆ, ಯಾಕಂದ್ರೆ ಅದು ಸಾಮಾನ್ಯವಾದದ್ದನ್ನೇ ಊಹಿಸುತ್ತೆ. ಗದ್ದದ ಮೇಲೆ ಮೂರು ಹಸಿರು ಚುಕ್ಕಿ ಸಾಮಾನ್ಯ ಅಲ್ಲ. ಕೆನ್ನೆ ಮೇಲಿನ ಸಿಡುಬಿನ ಕಲೆ ಈಗ ಸಾಮಾನ್ಯ ಅಲ್ಲ. ಅಜ್ಜಿಯಂದಿರ ಆ ತಲೆಮಾರಿನ ಜೊತೆಗೇ ಹೋಗೋ ಗುರುತುಗಳಿವು. ಅವನ್ನು ಕಾಣದ ಮಶೀನಿಗೆ ಅವು ಕಸವೇ.

ನಾನು ಹೇಳೋದು ಹೊಸದೇನಲ್ಲ, ಸಿನಿಮಾದವರಿಗೆ ಇದು ಗೊತ್ತಿರೋದೇ. ಗಿರೀಶ ಕಾಸರವಳ್ಳಿಯವರು ಓದಿದ್ದು ನಮ್ಮ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ. ಅವರ 1977ರ ಘಟಶ್ರಾದ್ಧದ ಮೂಲ ನೆಗೆಟಿವ್ ಉಳಿದದ್ದೂ 1964ರಲ್ಲಿ ಇಲ್ಲೇ ಶುರುವಾದ ರಾಷ್ಟ್ರೀಯ ಫಿಲ್ಮ್ ಆರ್ಕೈವ್‌ನಲ್ಲಿ. ಅದನ್ನು 4ಕೆಯಲ್ಲಿ ರಿಸ್ಟೋರ್ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಸ್. ರಾಮಚಂದ್ರ ಅವರ ಕಪ್ಪುಬಿಳುಪು ಛಾಯಾಗ್ರಹಣ. ಫಿಲ್ಮಿನಲ್ಲಿ ಕಾಣೋ ಕಾಳು ಬೆಳ್ಳಿಯ ಹರಳುಗಳದ್ದು, ಚಿತ್ರ ಇರೋದೇ ಆ ಕಾಳುಗಳಿಂದ. ಒಳ್ಳೆಯ ರಿಸ್ಟೋರೇಶನ್ ಮಾಡುವವರು ಧೂಳು, ಗೀರು, ಕಲೆ ತೆಗೀತಾರೆ, ಕಾಳನ್ನು ಬಿಡ್ತಾರೆ. ಯಾಕಂದ್ರೆ ಧೂಳು ಆಮೇಲೆ ಬಂದದ್ದು, ಕಾಳು ಹುಟ್ಟಿದಾಗಿನಿಂದ ಇದ್ದದ್ದು. ಕಾಳನ್ನೂ ನುಣ್ಣಗೆ ಒರೆಸಿದರೆ ನಟರೆಲ್ಲ ಮೇಣದ ಗೊಂಬೆಗಳ ಹಾಗೆ ಕಾಣುತ್ತಾರೆ. ಏನು ತೆಗೀಬೇಕು, ಏನು ಬಿಡಬೇಕು ಅನ್ನೋ ವಿವೇಕಕ್ಕೇ ಅಲ್ಲಿ ಬೆಲೆ. ಸಿನಿಮಾಕ್ಕೆ ಕೊಡೋ ಆ ಮರ್ಯಾದೆ ನಮ್ಮ ಮನೆಯ ಮುದುಕಿಗೆ ಬೇಡವೇ?

ಅಕ್ಕ ಇದಕ್ಕೆ ಒಪ್ಪಲ್ಲ. "ಗ್ವಾಡಿಗೆ ಹಾಕೋ ಫೋಟೋ ಚಂದಿರಬೇಕಪಾ, ಅವ್ವಾನೂ ಚಂದಂಗ ತಗಿ ಅಂತಿದ್ಲಲ್ಲ" ಅಂತಾಳೆ. ಆ ಮಾತನ್ನು ನಾನು ತಳ್ಳಿಹಾಕಲಾರೆ. ಅವ್ವನ ಮುಂದೆ ಎರಡೂ ಪ್ರಿಂಟು ಇಟ್ಟಿದ್ದರೆ ಬಹುಶಃ ನುಣ್ಣಗಿನದನ್ನೇ ಆರಿಸುತ್ತಿದ್ದಳೇನೋ. ಬದುಕಿರುವವರು ತಮ್ಮ ಮುಖದ ಬಗ್ಗೆ ಏನು ಕೇಳಿದರೂ ಮಾಡಿಕೊಡಿ, ಅದು ಅವರ ಹಕ್ಕು. ಆದರೆ ಹೋದವರ ಫೋಟೋದಲ್ಲಿ ನಾವು ಮಾಡೋ ಬದಲಾವಣೆಯನ್ನು "ಇದು ನಾನಲ್ಲ" ಅಂತ ಹೇಳೋಕೆ ಅವರಿಲ್ಲ. ನಾಳೆ ನನ್ನ ಮೊಮ್ಮಕ್ಕಳಿಗೆ ಉಳಿಯೋದು ಆ ಒಂದು ಫೋಟೋ. ಅದರಲ್ಲಿ ಮೂರು ಚುಕ್ಕಿ ಇಲ್ಲದಿದ್ದರೆ ಅವರ ಪಾಲಿಗೆ ಮೂರು ಚುಕ್ಕಿ ಯಾವತ್ತೂ ಇರಲೇ ಇಲ್ಲ.

ಇದನ್ನು ಉಪದೇಶದ ಹಾಗೆ ಹೇಳೋ ಯೋಗ್ಯತೆ ನನಗೂ ಇಲ್ಲ. 2010ರಲ್ಲಿ ಒಂದು ಹೊಸ ಸಾಫ್ಟ್‌ವೇರಿನ ಹುಮ್ಮಸ್ಸಿನಲ್ಲಿ ಊರ ಜಾತ್ರೆಯ ಇಡೀ ಫೋಲ್ಡರನ್ನು ಒಂದೇ ಸಲ ಒರೆಸಿ, ಮೂಲ ಫೈಲುಗಳ ಮೇಲೇ ಸೇವ್ ಮಾಡಿದವನು ನಾನೇ. ಅವು ಜೆಪೆಗ್, ಬೇರೆ ಪ್ರತಿ ಇಲ್ಲ. ತೇರಿನ ಮೇಲೆ ಎಸೆದ ಉತ್ತತ್ತಿ, ಬಾಳೆಹಣ್ಣು ಎಲ್ಲ ಗಾಳಿಯಲ್ಲೇ ಕರಗಿಹೋಗಿವೆ. ಹಾರುತ್ತಿದ್ದ ಉತ್ತತ್ತಿಯನ್ನು ಸಾಫ್ಟ್‌ವೇರ್ ಗದ್ದಲ ಅಂದುಕೊಂಡಿತು! ಅದನ್ನು ಯಾವ ಎಐ ಕೂಡ ವಾಪಸ್ ತರಲಾರದು. ಆದ್ದರಿಂದ ಮೂಲ ಫೈಲಿನ ಮೇಲೆ ಸೇವ್ ಮಾಡಬೇಡಿ. ಎರಡು ಕಡೆ ಪ್ರತಿ ಇಡಿ. ಸ್ಟುಡಿಯೋಗೆ ಕೊಡೋದೇ ಆದರೆ ಪಕ್ಕದಲ್ಲಿ ಕೂತು, ಇಲ್ಲಿ ಒರೆಸು, ಇಲ್ಲಿ ಬೇಡ ಅಂತ ಬೆರಳಿಟ್ಟು ತೋರಿಸಿ. ಅದಕ್ಕಿಂತ ಮುಂಚೆ ಮನೆಯ ಹಿರಿಯರಿಗೆ ಒಮ್ಮೆ ಫೋಟೋ ತೋರಿಸಿ ಕೇಳಿ, ಈ ಮುಖದಲ್ಲಿ ಏನೇನಿತ್ತು ಅಂತ. ನಮಗೆ ಕಾಣದ್ದು ಅವರಿಗೆ ಕಾಣುತ್ತೆ.

ಹೊಸ ಪ್ರಿಂಟನ್ನು ಈ ಸಲ ನಾನೇ ಗದಗಿಗೆ ತಗೊಂಡು ಹೋದೆ. ಚಿಗವ್ವ ಚಷ್ಮಾ ಹಾಕಿಕೊಂಡು, ಕಿಟಕಿ ಹತ್ತಿರ ಹೋಗಿ, ಸೆರಗಿನಿಂದ ಗಾಜು ಒರೆಸಿ ನೋಡಿದಳು. ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಅಂದಳು, "ಹೂಂ, ಮೂರೂ ಅದಾವ. ಆದ್ರ ಸೀರಿ ಬಣ್ಣಾ ಸ್ವಲ್ಪ ಕಪ್ಪಾತು ನೋಡು. ಅದು ಇಷ್ಟು ಕಪ್ಪಿರಲಿಲ್ಲ."

ಅವಳು ಹೇಳಿದ್ದು ಸರಿ. ನೆರಳಿನಲ್ಲಿ ನೀಲಿ ಇನ್ನೂ ಸ್ವಲ್ಪ ಎತ್ತಬೇಕಿತ್ತು. ಈ ಭಾನುವಾರ ಮತ್ತೆ ಕೂರಬೇಕು.